ಕೀ ಜೇಬಿನಲ್ಲೇ ಇದೆ, ಬಾಗಿಲು ತೆರೆಯುತ್ತಿಲ್ಲ: ಸ್ಮಾರ್ಟ್ ಕೀ ದೋಷ ಹುಡುಕುವುದು ಹೇಗೆ?

ಜೇಬಿನಲ್ಲಿದ್ದರೆ ಸಾಕು, ಕಾರಿನ ಬಾಗಿಲು ತೆರೆಯುವ ಕೀಯೇ ಸ್ಮಾರ್ಟ್ ಕೀ. ಅದು ಕೈಕೊಟ್ಟಾಗ ಸಾಮಾನ್ಯವಾಗಿ ಕೇಳಿಬರುವ ಮಾತು, "ಕೀ ಹೋಗಿದೆ, ಹೊಸದು ಹಾಕಿಸಿ." ಹೊಸ ಕೀ, ಅದನ್ನು ಕಾರಿಗೆ ಹೊಂದಿಸುವ ಕೆಲಸ ಎಲ್ಲ ಸೇರಿ ಸಾವಿರಗಟ್ಟಲೆ ಖರ್ಚು. ಅಷ್ಟು ಸುರಿದ ಮೇಲೂ ದೋಷ ಹಾಗೇ ಉಳಿಯುವುದುಂಟು. ಕೆಟ್ಟಿದ್ದು ಕೀ ಆಗಿರುವುದೇ ಇಲ್ಲ. ಹ್ಯಾಂಡಲ್‌ನ ಬಟನ್ ಇರಬಹುದು, ಕಾರಿನ ಬ್ಯಾಟರಿ ಇರಬಹುದು, ಆಮೇಲೆ ತಂದು ಸಿಕ್ಕಿಸಿದ ಚಾರ್ಜರ್ ಇರಬಹುದು. ಹಣ ಕೊಡುವ ಮುಂಚೆ ಮನೆಯ ಮುಂದೆಯೇ ಅರ್ಧ ಗಂಟೆ ಪರೀಕ್ಷೆ ಮಾಡಿ. ದೋಷ ಯಾವ ಕಡೆ ಇದೆ ಎಂಬುದು ಬಹುತೇಕ ಗೊತ್ತಾಗುತ್ತದೆ.

ಓಡಾಡುವುದು ಎರಡು ಸಿಗ್ನಲ್

ನೀವು ಹ್ಯಾಂಡಲ್ ಮುಟ್ಟಿದಾಗ ಅಥವಾ ಅದರ ಮೇಲಿನ ಕಪ್ಪು ಬಟನ್ ಒತ್ತಿದಾಗ ಮೊದಲು ಮಾತಾಡುವುದು ಕಾರು. ಹ್ಯಾಂಡಲ್ ಒಳಗಿರುವ ಆಂಟೆನಾ ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನಲ್ಲಿ ಒಂದು ಸಣ್ಣ ಸಂದೇಶ ಕಳಿಸುತ್ತದೆ. ಕೆಲವು ಕಂಪನಿಗಳು 134 ಕಿಲೋಹರ್ಟ್ಸ್ ಬಳಸುತ್ತವೆ. ಜೇಬಿನಲ್ಲಿ ನಿದ್ದೆ ಮಾಡುತ್ತಿದ್ದ ಕೀ ಇದನ್ನು ಕೇಳಿ ಎಚ್ಚರಗೊಳ್ಳುತ್ತದೆ. ಲೆಕ್ಕ ಹಾಕಿ, ಗುಟ್ಟಿನ ಸಂಕೇತದಲ್ಲಿ ಉತ್ತರ ಕೊಡುತ್ತದೆ. ಆ ಉತ್ತರ ಬರುವುದು ಬೇರೆ ತರಂಗದಲ್ಲಿ. ನಮ್ಮ ದೇಶದ ಹೆಚ್ಚಿನ ಕಾರುಗಳಲ್ಲಿ ಅದು 433.92 ಮೆಗಾಹರ್ಟ್ಸ್. ಅಮೆರಿಕ ಮತ್ತು ಜಪಾನ್‌ನ ಅನೇಕ ಕಾರುಗಳಲ್ಲಿ 315 ಮೆಗಾಹರ್ಟ್ಸ್.

ಕೀ ಮೇಲಿನ ಲಾಕ್, ಅನ್‌ಲಾಕ್ ಬಟನ್ ಒತ್ತಿದರೆ ಮೊದಲ ಅರ್ಧದ ಕೆಲಸವೇ ಇಲ್ಲ. ಕೀ ನೇರವಾಗಿ 433ರಲ್ಲಿ ಕೂಗುತ್ತದೆ, ಕಾರು ಕೇಳಿಸಿಕೊಳ್ಳುತ್ತದೆ. ದೋಷ ಹುಡುಕುವವರಿಗೆ ಇದು ದೊಡ್ಡ ಅನುಕೂಲ. ಒಂದೇ ಕೀಯಲ್ಲಿ ಎರಡು ದಾರಿ ಇದೆ, ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಬಹುದು.

ಇನ್ನೊಂದು ವಿಷಯ. 125 ಕಿಲೋಹರ್ಟ್ಸ್‌ನ ಸಿಗ್ನಲ್ ರೇಡಿಯೋ ತರಂಗದ ಹಾಗೆ ದೂರ ಹಾರುವುದಿಲ್ಲ. ಅದು ಆಂಟೆನಾ ಸುತ್ತ ಇರುವ ಕಾಂತಕ್ಷೇತ್ರ. ದೂರ ಎರಡರಷ್ಟಾದರೆ ಅದರ ಬಲ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಕೀ ಒಂದೆರಡು ಮೀಟರ್ ಒಳಗೆ ಇದ್ದರೆ ಮಾತ್ರ ಬಾಗಿಲು ತೆರೆಯುವುದು. ಮೊದಲು ಒಂದು ಮೀಟರ್ ದೂರದಲ್ಲಿ ಕೆಲಸ ಮಾಡುತ್ತಿದ್ದ ಕೀ ಈಗ ಹ್ಯಾಂಡಲ್‌ಗೆ ತಾಗಿಸಿದರಷ್ಟೇ ಕೇಳುತ್ತಿದೆ ಅಂದರೆ, ಕಾರಿನ ಕೂಗು ಕ್ಷೀಣಿಸಿದೆ, ಇಲ್ಲವೇ ಕೀಯ ಕಿವಿ ಮಂದವಾಗಿದೆ, ಇಲ್ಲವೇ ನಡುವೆ ಗದ್ದಲ, ಅಂದರೆ ಬೇರೆ ಸಾಧನಗಳ ಸಿಗ್ನಲ್‌ನ ಅಡ್ಡಿ ಇದೆ.

ಹೊರಗೆ ಸಿಕ್ಕಿಬಿದ್ದಿದ್ದರೆ ಮೊದಲು ಒಳಗೆ ಹೋಗಿ

ಪರೀಕ್ಷೆ ಆಮೇಲೆ. ಸ್ಮಾರ್ಟ್ ಕೀ ಒಳಗೆ ಒಂದು ಲೋಹದ ಕೀ ಅಡಗಿರುತ್ತದೆ. ಪಕ್ಕದಲ್ಲಿರುವ ಸಣ್ಣ ಬಟನ್ ಸರಿಸಿ ಎಳೆದರೆ ಹೊರಬರುತ್ತದೆ. ಡ್ರೈವರ್ ಬಾಗಿಲಿನಲ್ಲಿ ಕೀ ತೂತು ಕಾಣದಿದ್ದರೆ ಹ್ಯಾಂಡಲ್ ತುದಿಯ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ. ಹೀಗೆ ತೆರೆದಾಗ ಅಲಾರಂ ಕೂಗಬಹುದು, ಗಾಬರಿ ಬೇಡ. ಕಾರು ಕೀಯನ್ನು ಗುರುತಿಸಿದ ಕೂಡಲೇ ಸುಮ್ಮನಾಗುತ್ತದೆ.

ಒಳಗೆ ಕೂತು ಬ್ರೇಕ್ ಒತ್ತಿ, ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿ. ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ಕಾಯುವ, ಕೀ ಒಳಗಿನ ಇಮೊಬಿಲೈಸರ್ ಚಿಪ್‌ಗೆ ಸೆಲ್ ಬೇಕಿಲ್ಲ, ಕಾರಿನ ಕಾಂತಕ್ಷೇತ್ರದಿಂದಲೇ ಅದಕ್ಕೆ ವಿದ್ಯುತ್ ಸಿಗುತ್ತದೆ. ಕೆಲವು ಕಾರುಗಳಲ್ಲಿ ಕೀ ಇಡುವ ಜಾಗ ಸ್ಟೀರಿಂಗ್ ಕೆಳಗೋ ಕಪ್ ಇಡುವ ಗುಂಡಿಯಲ್ಲೋ ಇರುತ್ತದೆ. ನಿಮ್ಮ ಕಾರಿನದು ಎಲ್ಲಿದೆ ಅಂತ ಇವತ್ತೇ ಕೈಪಿಡಿಯಲ್ಲಿ ನೋಡಿಡಿ. ಆಗುಂಬೆ ಘಾಟಿಯ ಮಳೆಯಲ್ಲಿ ನಿಂತು ಹುಡುಕುವ ವಿಷಯ ಅಲ್ಲ ಅದು.

ಲಕ್ಷಣ ನೋಡಿ ಕಡೆ ಹಿಡಿಯುವುದು

ಎರಡನೇ ಕೀ ತನ್ನಿ. ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಇದು, ಖರ್ಚು ಏನೂ ಇಲ್ಲ. ಮೊದಲ ಕೀಯನ್ನು ಮನೆಯೊಳಗೆ ದೂರ ಇಟ್ಟು ಬನ್ನಿ. ಎರಡೂ ಹತ್ತಿರ ಇದ್ದರೆ ಯಾವುದು ಉತ್ತರ ಕೊಟ್ಟಿತು ಅಂತ ಗೊತ್ತಾಗುವುದಿಲ್ಲ. ಎರಡನೆಯದು ಎಲ್ಲ ಕಡೆ ಸರಿಯಾಗಿ ಕೆಲಸ ಮಾಡಿದರೆ ದೋಷ ಮೊದಲ ಕೀಯಲ್ಲಿದೆ. ಎರಡೂ ಒಂದೇ ಥರ ತೊಂದರೆ ಕೊಟ್ಟರೆ ಕಾರನ್ನೋ ಸುತ್ತಲಿನ ಜಾಗವನ್ನೋ ಅನುಮಾನಿಸಿ. ವರ್ಷಗಟ್ಟಲೆ ಬೀರುವಿನಲ್ಲಿದ್ದ ಕೀ ಆದರೆ ಮೊದಲು ಹೊಸ ಸೆಲ್ ಹಾಕಿ, ಆಮೇಲೆ ಪರೀಕ್ಷಿಸಿ.

ಈಗ ಮೂರು ಕೆಲಸ ಮಾಡಿ ನೋಡಿ: ಕೀ ಬಟನ್‌ನಿಂದ ಲಾಕ್ ತೆಗೆಯುವುದು, ಒಂದೊಂದೇ ಬಾಗಿಲಿನ ಹ್ಯಾಂಡಲ್‌ನಿಂದ ತೆಗೆಯುವುದು, ಒಳಗೆ ಕೂತು ಸ್ಟಾರ್ಟ್ ಮಾಡುವುದು.

ಕೀ ಬಟನ್ ಕೆಲಸ ಮಾಡುತ್ತದೆ, ಕಾರೂ ಸ್ಟಾರ್ಟ್ ಆಗುತ್ತದೆ, ಡ್ರೈವರ್ ಬಾಗಿಲಿನ ಹ್ಯಾಂಡಲ್ ಒಂದೇ ಸ್ಪಂದಿಸುತ್ತಿಲ್ಲ. ಆಗ ಕೀಯನ್ನು ಬಿಟ್ಟುಬಿಡಿ, ಅದು ಸರಿ ಇದೆ. ಒಳಗೆ ಸ್ಟಾರ್ಟ್ ಆಗಬೇಕಾದರೂ ಕೀ ಇದೇ 125 ಕಿಲೋಹರ್ಟ್ಸ್ ಕೂಗನ್ನು ಕೇಳಬೇಕಲ್ವಾ? ಅಲ್ಲಿ ಕೇಳಿದೆ ಅಂದರೆ ಕಿವಿ ಚೆನ್ನಾಗಿದೆ. ದೋಷ ಆ ಬಾಗಿಲಿನ ಬಟನ್, ಆಂಟೆನಾ ಅಥವಾ ತಂತಿಯಲ್ಲಿದೆ.

ಕೀ ಬಟನ್ ಕೆಲಸ ಮಾಡುತ್ತದೆ, ಆದರೆ ಯಾವ ಹ್ಯಾಂಡಲ್ಲೂ ಇಲ್ಲ, ಒಳಗೆ ಕೂತರೂ 'ಕೀ ನಾಟ್ ಡಿಟೆಕ್ಟೆಡ್' ಅಂತ ಬರುತ್ತದೆ. ಮೊದಲು ಕಾರಿನ ಸೆಟ್ಟಿಂಗ್ಸ್ ನೋಡಿ. ಹ್ಯಾಂಡಲ್‌ನಿಂದ ತೆರೆಯುವ ಸೌಲಭ್ಯವನ್ನೇ ಆಫ್ ಮಾಡುವ ಅವಕಾಶ ಹಲವು ಕಾರುಗಳಲ್ಲಿದೆ. ಕೆಲವು ಕೀಗಳಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಿದರೂ ಅದು ಆಫ್ ಆಗುತ್ತದೆ. ಅದು ಆನ್ ಇದ್ದೂ ಹೀಗಾದರೆ ಕೀಯ ಕಿವಿಯ ತೊಂದರೆ ಇರಬಹುದು. ಇದನ್ನು ಪತ್ತೆಹಚ್ಚಲು ಸೊಗಸಾದ ಒಂದು ಉಪಾಯ ಇದೆ. ಸಾಮಾನ್ಯವಾಗಿ ಕೀ ಒಳಗೆ ಸಿಗ್ನಲ್ ಹಿಡಿಯಲು ಮೂರು ದಿಕ್ಕಿನ ಸುರುಳಿಗಳಿರುತ್ತವೆ. ಕೀ ಹೇಗೆ ಬಿದ್ದಿದ್ದರೂ ಕೇಳಿಸಲಿ ಅಂತ ಈ ಏರ್ಪಾಡು. ಕೀ ಕೆಳಗೆ ಬಿದ್ದಾಗ ಒಂದು ಸುರುಳಿಯ ಬೆಸುಗೆ ಬಿರುಕು ಬಿಟ್ಟರೆ, ಒಂದು ಭಂಗಿಯಲ್ಲಿ ಕೇಳುತ್ತದೆ, ಇನ್ನೊಂದರಲ್ಲಿ ಕೇಳುವುದಿಲ್ಲ. ಹ್ಯಾಂಡಲ್‌ನಿಂದ ಒಂದೇ ದೂರದಲ್ಲಿ ಕೀಯನ್ನು ಅಡ್ಡ ಮಲಗಿಸಿ, ನೆಟ್ಟಗೆ ನಿಲ್ಲಿಸಿ, ಪಕ್ಕಕ್ಕೆ ತಿರುಗಿಸಿ ನೋಡಿ. ಭಂಗಿ ಬದಲಾದಂತೆ ಫಲಿತಾಂಶ ಪ್ರತಿ ಸಲವೂ ಬದಲಾದರೆ ಸುರುಳಿಯ ಮೇಲೆ ಅನುಮಾನ ಪಡಿ. "ಬೆಳಿಗ್ಗೆ ಸರಿ ಇತ್ತು, ಸಂಜೆ ಇಲ್ಲ" ಎಂಬ ದೂರಿನ ಹಿಂದೆ ಇದೇ ಇರಬಹುದು. ಮೊಬೈಲ್ ರಿಪೇರಿ ಮಾಡುವ ನುರಿತ ಕೈಗೆ ಈ ಬೆಸುಗೆ ಕಷ್ಟದ ಕೆಲಸವಲ್ಲ.

ಹ್ಯಾಂಡಲ್‌ನಿಂದ ತೆರೆಯುತ್ತದೆ, ಸ್ಟಾರ್ಟ್ ಆಗುತ್ತದೆ, ಕೀ ಮೇಲಿನ ಒಂದು ಬಟನ್ ಮಾತ್ರ ಸತ್ತಿದೆ ಅಂದರೆ ಬಟನ್ ಸವೆದಿದೆ ಅಷ್ಟೇ. ಆ ಪುಟ್ಟ ಸ್ವಿಚ್ ಬದಲಿಸಿದರೆ ಮುಗಿಯಿತು.

ಬಟನ್ನೂ ಇಲ್ಲ, ಹ್ಯಾಂಡಲ್ಲೂ ಇಲ್ಲ ಅಂದರೆ ಸೆಲ್, ಕಾರಿನ ಬ್ಯಾಟರಿ, ಸುತ್ತಲಿನ ಗದ್ದಲ, ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ.

ಸೆಲ್

ತುಂಬಾ ಕೀಗಳಲ್ಲಿ ಸಿಆರ್2032 ಸೆಲ್ ಇರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಹೆಸರಿನಲ್ಲಿರುವ ಅಂಕಿಗಳೇ ಅಳತೆ. 2025 ತಂದು ಹಾಕಿದರೆ ಅದು 2.5 ಮಿಲಿಮೀಟರ್ ದಪ್ಪದ್ದು, ಸಡಿಲವಾಗಿ ಕೂರುತ್ತದೆ. ಕೀ ಅಲುಗಿದಾಗಲೆಲ್ಲ ಸಂಪರ್ಕ ತಪ್ಪುತ್ತದೆ. ಹಳೆಯ ಸೆಲ್ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಿ.

ಮಲ್ಟಿಮೀಟರ್ ಹಿಡಿದು 3 ವೋಲ್ಟ್ ತೋರಿಸಿತು ಅಂತ ಸೆಲ್ ಚೆನ್ನಾಗಿದೆ ಎಂದುಕೊಳ್ಳಬೇಡಿ. ಹಳೆಯ ಸೆಲ್ ಸುಮ್ನೆ ಇದ್ದಾಗ 3 ವೋಲ್ಟ್ ತೋರಿಸಿ, ಕೆಲಸ ಕೊಟ್ಟಾಗ ಕುಸಿಯುತ್ತದೆ. 330 ಓಮ್ ರೆಸಿಸ್ಟರ್ ಅನ್ನು ಸೆಲ್‌ನ ಎರಡೂ ಮುಖಕ್ಕೆ ಸೇರಿಸಿ ಹಿಡಿದು ವೋಲ್ಟೇಜ್ ನೋಡಿ. ಸುಮಾರು 9 ಮಿಲಿಆಂಪ್ ಹರಿಯುತ್ತದೆ. ಒಂದೆರಡು ಸೆಕೆಂಡಿನಲ್ಲಿ 2.7 ವೋಲ್ಟ್‌ಗಿಂತ ಕೆಳಗೆ ಜಾರಿದರೆ ಬದಲಿಸಿ. ಇಷ್ಟೆಲ್ಲ ಬೇಡ ಅನ್ನಿಸಿದರೆ ನಂಬಿಕೆಯ ಅಂಗಡಿಯಿಂದ ಹೊಸ ಸೆಲ್ ತಂದು ಹಾಕಿ ನೋಡಿ. ನೂರು ರೂಪಾಯಿಯೊಳಗಿನ ಪರೀಕ್ಷೆ.

ಮಕ್ಕಳು ನುಂಗದಿರಲಿ ಅಂತ ಕೆಲವು ಕಂಪನಿಗಳು ಸೆಲ್‌ಗೆ ಕಹಿ ಲೇಪನ ಹಚ್ಚುತ್ತವೆ. ಕೀ ಒಳಗಿನ ಸ್ಪ್ರಿಂಗ್ ತಾಗುವ ಜಾಗದಲ್ಲಿ ಆ ಲೇಪನ ಇದ್ದರೆ ಸಂಪರ್ಕ ಸಿಗದೇ ಇರಬಹುದು. ಹೊಸ ಸೆಲ್ ಹಾಕಿದರೂ ಕೀ ಏಳದಿದ್ದರೆ ಲೇಪನವಿಲ್ಲದ ಇನ್ನೊಂದನ್ನು ಹಾಕಿ ನೋಡಿ. ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟು ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಓಡಿ.

ಕೀ ಬಿಚ್ಚಿದಾಗ ಲೋಹದ ಸ್ಪ್ರಿಂಗ್‌ಗಳನ್ನು ಗಮನಿಸಿ. ಕರಾವಳಿಯ ಉಪ್ಪು ಗಾಳಿ, ಮಲೆನಾಡಿನ ತೇವ, ಎರಡೂ ಕಡೆ ಹಸಿರು ಕಿಲುಬು ಹಿಡಿಯುತ್ತದೆ. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಸೆಲ್ ಕೂರಿಸಿ.

ಹೊಸ ಸೆಲ್ ಮತ್ತೆ ಮತ್ತೆ ಬೇಗ ಖಾಲಿಯಾಗುತ್ತಿದ್ದರೆ ಕೀಯನ್ನು ಎಲ್ಲಿ ಇಡುತ್ತೀರಿ ಅಂತ ಯೋಚಿಸಿ. ಕಾರು ನಿಂತ ಜಾಗದ ಗೋಡೆಗೇ ಕೀ ನೇತುಹಾಕಿದರೆ ಕಾರಿನ ಕೂಗಿಗೆ ಅದು ಆಗಾಗ ಎಚ್ಚರಗೊಳ್ಳುತ್ತಲೇ ಇರುತ್ತದೆ. ಟಿವಿ, ಲ್ಯಾಪ್‌ಟಾಪ್ ಪಕ್ಕದ ಗದ್ದಲವೂ ಅದನ್ನು ಎಬ್ಬಿಸಬಹುದು.

ಕಾರಿನ ಬ್ಯಾಟರಿ

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.4 ಪರವಾಗಿಲ್ಲ. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ, ಆಮೇಲೆ ಮಿಕ್ಕ ಪರೀಕ್ಷೆ. ಬ್ಯಾಟರಿ ಬಡವಾದಾಗ ಕಾರಿನ ಕಂಪ್ಯೂಟರ್‌ಗಳು ವಿಚಿತ್ರವಾಗಿ ವರ್ತಿಸುತ್ತವೆ. ಒಂದು ದಿನ ಬಾಗಿಲು ತೆರೆಯುತ್ತದೆ, ಮರುದಿನ ಇಲ್ಲ. ತುಂಬಾ ದಿನ ನಿಂತಿದ್ದರೆ ಬ್ಯಾಟರಿ ಉಳಿಸಲು ಹಲವು ಕಾರುಗಳು ಹ್ಯಾಂಡಲ್ ಗಮನಿಸುವುದನ್ನೇ ಕಡಿಮೆ ಮಾಡುತ್ತವೆ. ಊರಿಗೆ ಹೋಗಿ ಬಂದ ಮೇಲೆ ಮೊದಲ ಸಲ ಹ್ಯಾಂಡಲ್ ಕೇಳದೆ, ಕೀ ಬಟನ್ ಒತ್ತಿದ ಮೇಲೆ ಎಲ್ಲ ಸರಿಯಾದರೆ ಅದು ದೋಷವಲ್ಲ.

ಬಾಗಿಲು ಮತ್ತು ತಂತಿ

ಹ್ಯಾಂಡಲ್ ಬಟನ್‌ನ ರಬ್ಬರ್ ಬಿರಿದರೆ ನೀರು ಒಳಗಿಳಿಯುತ್ತದೆ. ಮಳೆ ಬಂದ ದಿನ ತೊಂದರೆ, ಬಿಸಿಲಿಗೆ ಒಣಗಿದರೆ ಸರಿ, ಈ ಮಾದರಿ ಕಂಡರೆ ಮೊದಲು ಇದನ್ನೇ ಹಿಡಿಯಿರಿ. ಮುಟ್ಟಿದರೆ ತೆರೆಯುವ ಹ್ಯಾಂಡಲ್‌ಗಳು ನೀರಿನ ಧಾರೆಯನ್ನೇ ಕೈ ಅಂದುಕೊಳ್ಳುವುದುಂಟು. ಕಾರು ತೊಳೆಯುವಾಗ ಲಾಕ್ ತಾನಾಗಿ ಬಿದ್ದು ಏಳುತ್ತಿದ್ದರೆ ಕೀಯನ್ನು ದೂರ ಇಟ್ಟು ತೊಳೆಯಿರಿ.

ಬಾಗಿಲು ಮತ್ತು ಕಾರಿನ ಮೈ ಸೇರುವ ಕಡೆ ರಬ್ಬರ್ ಕೊಳವೆಯೊಳಗೆ ತಂತಿಗಳ ಕಟ್ಟು ಹೋಗುತ್ತದೆ. ಬಾಗಿಲು ತೆರೆದು ಮುಚ್ಚಿ ಮಾಡಿದಂತೆ ಅಲ್ಲಿ ತಂತಿ ಒಳಗೊಳಗೇ ತುಂಡಾಗಬಹುದು. ಅದೇ ಬಾಗಿಲಿನ ಪವರ್ ವಿಂಡೋ ಅಥವಾ ಸ್ಪೀಕರ್ ಕೂಡ ಆಗಾಗ ಕೈಕೊಡುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಡಿಕ್ಕಿ ಮಾತ್ರ ತೆರೆಯದಿದ್ದರೆ ಹಿಂದಿನ ಬಂಪರ್ ಕಡೆ ನೋಡಿಸಿ. ಇಲಿ ಕಡಿದಿರಬಹುದು, ಬಂಪರ್ ಗುದ್ದಿಸಿಕೊಂಡಾಗ ಕನೆಕ್ಟರ್ ಬಿಟ್ಟಿರಬಹುದು.

ಗದ್ದಲ: ಹೆಚ್ಚು ಜನ ನೋಡದೆ ಬಿಡುವ ಜಾಗ

ಕೀ ಸರಿ, ಕಾರು ಸರಿ, ಆದರೂ ಒಂದೊಂದು ಕಡೆ ಒಂದೊಂದು ಹೊತ್ತಿನಲ್ಲಿ ಕೆಲಸ ಮಾಡುವುದಿಲ್ಲ. ಇಲ್ಲಿ ತಾಳ್ಮೆ ಬೇಕು. ಸರ್ವೀಸ್ ಸೆಂಟರ್‌ಗೆ ಒಯ್ದರೆ ಅಲ್ಲಿ ಎಲ್ಲ ಸರಿಯಾಗಿರುತ್ತದೆ, ಏಕೆಂದರೆ ಗದ್ದಲದ ಮೂಲ ನಿಮ್ಮ ಮನೆಯ ಹತ್ತಿರವೇ ಉಳಿದಿರುತ್ತದೆ.

ಮೊದಲು ಕಾರಿನೊಳಗಿನದನ್ನು ನೋಡಿ. ಫೋನ್‌ನ ವೈರ್‌ಲೆಸ್ ಚಾರ್ಜರ್ ಕೆಲಸ ಮಾಡುವುದು ಸುಮಾರು 100ರಿಂದ 200 ಕಿಲೋಹರ್ಟ್ಸ್ ನಡುವೆ. ಕಾರು ಕೀಯನ್ನು ಕರೆಯುವ 125 ಕಿಲೋಹರ್ಟ್ಸ್ ಅದರೊಳಗೇ ಬೀಳುತ್ತದೆ. ಕಂಪನಿಯೇ ಚಾರ್ಜರ್ ಕೊಟ್ಟ ಎಷ್ಟೋ ಕಾರುಗಳಲ್ಲಿ ಕೀ ಹುಡುಕುವ ಹೊತ್ತಿಗೆ ಚಾರ್ಜಿಂಗ್ ಒಂದು ಕ್ಷಣ ತಾನಾಗಿ ನಿಲ್ಲುವ ವ್ಯವಸ್ಥೆ ಇರುತ್ತದೆ. ಹೊರಗಿನಿಂದ ತಂದಿಟ್ಟ ಚಾರ್ಜರ್‌ಗೆ ಅದು ಗೊತ್ತಿಲ್ಲ. ಕೀಯನ್ನು ಚಾರ್ಜರ್ ಪಕ್ಕದಲ್ಲೇ ಇಟ್ಟು ಓಡಿಸುವವರಿಗೆ ದಾರಿ ಮಧ್ಯೆ 'ಕೀ ನಾಟ್ ಡಿಟೆಕ್ಟೆಡ್' ಎಚ್ಚರಿಕೆ ಬರುವುದು ಹೆಚ್ಚಾಗಿ ಇದರಿಂದಲೇ. ಅಗ್ಗದ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್, ಆಮೇಲೆ ಹಾಕಿಸಿದ ಎಲ್‌ಇಡಿ ಹೆಡ್‌ಲೈಟ್ ಕೂಡ ಗದ್ದಲ ಮಾಡಬಲ್ಲವು. ಎಲ್ಲವನ್ನೂ ಕಿತ್ತಿಡಿ. ದೋಷ ಹೋಯಿತೇ? ಒಂದೊಂದನ್ನೇ ಮತ್ತೆ ಸಿಕ್ಕಿಸಿ, ಪ್ರತಿ ಸಲ ಪರೀಕ್ಷಿಸಿ. ಒಟ್ಟಿಗೆ ಎರಡು ಸಿಕ್ಕಿಸಿದರೆ ಕಳ್ಳ ಯಾರೆಂದು ತಿಳಿಯುವುದಿಲ್ಲ.

ಜೇಬನ್ನೂ ನೋಡಿ. ಫೋನ್ ಮತ್ತು ಕೀ ಒಂದಕ್ಕೊಂದು ಅಂಟಿಕೊಂಡಿದ್ದರೆ, ಕೀ ಸುತ್ತ ನಾಣ್ಯ ಅಥವಾ ಲೋಹದ ಡಬ್ಬಿ ಇದ್ದರೆ ಸಿಗ್ನಲ್ ತಗ್ಗುತ್ತದೆ. ಬೇರೆ ಜೇಬಿಗೆ ಹಾಕಿ ನೋಡಿ.

ಆಮೇಲೆ ಹೊರಗಿನದು. ದೋಷ ಒಂದೇ ಜಾಗದಲ್ಲಿ ಕಾಣಿಸಿದರೆ ಕಾರನ್ನು ನೂರಿನ್ನೂರು ಮೀಟರ್ ಆಚೆ ನಿಲ್ಲಿಸಿ ಪರೀಕ್ಷಿಸಿ. ಅಲ್ಲಿ ಸರಿಯಾದರೆ ಕಾರಿನ ತಪ್ಪಿಲ್ಲ. 433 ಮೆಗಾಹರ್ಟ್ಸ್ ಸುತ್ತಮುತ್ತ ಗೇಟ್ ರಿಮೋಟ್, ವೈರ್‌ಲೆಸ್ ಕಾಲಿಂಗ್ ಬೆಲ್, ಫ್ಯಾನ್ ರಿಮೋಟ್, ಬೋರ್‌ವೆಲ್ ಮೋಟರ್‌ನ ರಿಮೋಟ್ ಹೀಗೆ ಎಷ್ಟೋ ಇವೆ. ಯಾವುದಾದರೂ ಒಂದರ ಬಟನ್ ಸಿಕ್ಕಿಕೊಂಡು ನಿಲ್ಲದೆ ಕೂಗುತ್ತಿದ್ದರೆ ಅಕ್ಕಪಕ್ಕದ ಕೀಗಳ ಮಾತು ಅದರಲ್ಲಿ ಮುಳುಗಿಹೋಗುತ್ತದೆ. 2019ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ನಾರ್ತ್ ಓಲ್ಮ್‌ಸ್ಟೆಡ್‌ನಲ್ಲಿ ಹೀಗೇ ಆಯಿತು. ಒಂದು ಬಡಾವಣೆಯ ಕಾರ್ ಕೀಗಳು, ಗ್ಯಾರೇಜ್ ಬಾಗಿಲುಗಳು ವಾರಗಟ್ಟಲೆ ಕೆಲಸ ಮಾಡಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಒಬ್ಬ ನಿವಾಸಿ ತನ್ನ ಮನೆಗೆ ತಾನೇ ಮಾಡಿಕೊಂಡಿದ್ದ, ಬ್ಯಾಟರಿಯಲ್ಲಿ ನಡೆಯುವ ಒಂದು ಪುಟ್ಟ ಸಾಧನ. ಅದು 315 ಮೆಗಾಹರ್ಟ್ಸ್‌ನಲ್ಲಿ ಬಿಡದೆ ಸಿಗ್ನಲ್ ಕಳಿಸುತ್ತಿತ್ತು. ಬ್ಯಾಟರಿ ತೆಗೆದರು, ಎಲ್ಲ ಸರಿಹೋಯಿತು. ಆತನಿಗೆ ಕೆಟ್ಟ ಉದ್ದೇಶ ಏನೂ ಇರಲಿಲ್ಲ.

ಹಾಗಾಗಿ ಅಪಾರ್ಟ್‌ಮೆಂಟಿನಲ್ಲಿದ್ದರೆ ಪಕ್ಕದ ಕಾರಿನವರನ್ನು ಕೇಳಿ. ಅವರಿಗೂ ಇದೇ ತೊಂದರೆ ಇದ್ದರೆ ಹುಡುಕಬೇಕಾದ್ದು ಕಟ್ಟಡದಲ್ಲಿ. ಎಲೆಕ್ಟ್ರಾನಿಕ್ಸ್ ಹವ್ಯಾಸದ ಗೆಳೆಯರು ಯಾರಾದರೂ ಇದ್ದರೆ, ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಆರ್‌ಟಿಎಲ್-ಎಸ್‌ಡಿಆರ್ ರಿಸೀವರ್‌ನಿಂದ 433.92 ಮೆಗಾಹರ್ಟ್ಸ್ ನೋಡಬಹುದು. ಕೀ ಒತ್ತಿದಾಗ ಪರದೆಯ ಮೇಲೆ ಚುಟುಕಾದ ಗೆರೆ ಮೂಡಬೇಕು. ಕೀ ಒತ್ತದಿದ್ದರೂ ಉದ್ದಕ್ಕೂ ಗೆರೆ ಇದ್ದರೆ ಗದ್ದಲ ಸಿಕ್ಕಿತು. ಫೋನ್ ಕ್ಯಾಮೆರಾದಲ್ಲಿ ಕೀಯನ್ನು ನೋಡುವ ಉಪಾಯ ಟಿವಿ ರಿಮೋಟ್‌ಗಷ್ಟೇ. ರೇಡಿಯೋ ತರಂಗ ಕ್ಯಾಮೆರಾಗೆ ಕಾಣುವುದಿಲ್ಲ.

ದೋಷವೋ, ಯಾರದೋ ಕೈವಾಡವೋ?

ಮಾಲ್ ಪಾರ್ಕಿಂಗ್‌ನಲ್ಲಿ ಲಾಕ್ ಬಟನ್ ಒತ್ತಿದಿರಿ, ದೀಪ ಮಿನುಗಲಿಲ್ಲ. ಕೀಯದ್ದೇ ತೊಂದರೆ ಅಂದುಕೊಂಡು ಹೊರಟುಬಿಡಬೇಡಿ. ಲಾಕ್ ಸಿಗ್ನಲ್ ಕಾರಿಗೆ ತಲುಪದಂತೆ ಬೇಕಂತಲೇ ಗದ್ದಲ ಎಬ್ಬಿಸಿ, ಮಾಲೀಕರು ಹೋದ ಮೇಲೆ ಒಳಗಿದ್ದದ್ದನ್ನು ಕದಿಯುವುದು ದಕ್ಷಿಣ ಆಫ್ರಿಕಾದ ಪಾರ್ಕಿಂಗ್‌ಗಳಲ್ಲಿ ಚೆನ್ನಾಗಿ ಗೊತ್ತಿರುವ ಕಳ್ಳತನ. ಕೈಯಿಂದ ಬಾಗಿಲು ಎಳೆದು ನೋಡಿಯೇ ಹೋಗಿ. ಎಳೆದು ನೋಡುವಾಗ ಹ್ಯಾಂಡಲ್ ಕೀಯನ್ನು ಗುರುತಿಸಿ ಮತ್ತೆ ತೆರೆದುಕೊಳ್ಳುವ ಕಾರಾದರೆ, ಬೇರೆಯವರ ಕೈಗೆ ಕೀ ಕೊಟ್ಟು ದೂರ ನಿಲ್ಲಿಸಿ ಎಳೆಯಿರಿ.

ಇನ್ನೊಂದು ದಾಳಿ ಸ್ಮಾರ್ಟ್ ಕೀಗೇ ವಿಶೇಷ. ಒಬ್ಬ ಕಾರಿನ ಪಕ್ಕ, ಇನ್ನೊಬ್ಬ ನಿಮ್ಮ ಮನೆ ಬಾಗಿಲ ಬಳಿ ನಿಲ್ಲುತ್ತಾನೆ. ಕಾರಿನ ಕ್ಷೀಣ ಕೂಗನ್ನು ಸಾಧನಗಳ ಮೂಲಕ ಮನೆಯೊಳಗಿನ ಕೀವರೆಗೆ ಸಾಗಿಸುತ್ತಾರೆ. ಕೀ ಹತ್ತಿರವೇ ಇದೆ ಅಂತ ಕಾರು ನಂಬಿ ಬಾಗಿಲು ತೆರೆಯುತ್ತದೆ. ಸಂಕೇತ ಒಡೆಯುವ ಕೆಲಸವೇ ಇಲ್ಲ. 2011ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಎಂಟು ಕಂಪನಿಗಳ ಹತ್ತು ಮಾದರಿಗಳ ಮೇಲೆ ಇದನ್ನು ಪ್ರಯೋಗಿಸಿದರು. ಹತ್ತೂ ತೆರೆದುಕೊಂಡವು. ಅದಕ್ಕೇ ಕೀಯನ್ನು ಮುಂಬಾಗಿಲಿನ ಮೊಳೆಗೆ ನೇತುಹಾಕದೆ ಮನೆಯ ಒಳಭಾಗದಲ್ಲಿಡಿ. ಸಿಗ್ನಲ್ ತಡೆಯುವ ಚೀಲ ಕೊಂಡರೆ, ಕೀಯನ್ನು ಅದರೊಳಗೆ ಹಾಕಿ ಹ್ಯಾಂಡಲ್ ಪಕ್ಕಕ್ಕೇ ಹಿಡಿದು ಪರೀಕ್ಷಿಸಿ. ಬಾಗಿಲು ತೆರೆದರೆ ಚೀಲ ಉಪಯೋಗಕ್ಕಿಲ್ಲ. ರೇಂಜ್ ಹೆಚ್ಚಿಸಿಕೊಡುತ್ತೇವೆ ಅನ್ನುವವರ ಮಾತಿಗೆ ಮಾತ್ರ ಒಪ್ಪಬೇಡಿ. ಸ್ಮಾರ್ಟ್ ಕೀಯ ರೇಂಜ್ ಕಡಿಮೆ ಇರುವುದೇ ಅದರ ಕಾವಲು.

ಫೋನೇ ಕೀ ಆಗಿದ್ದರೆ

ಎನ್‌ಎಫ್‌ಸಿ ಕೀ, ಅಂದರೆ ಫೋನ್ ಅಥವಾ ಕಾರ್ಡನ್ನು ಕಾರಿಗೆ ತಾಗಿಸಿ ತೆರೆಯುವಂಥದ್ದು, 13.56 ಮೆಗಾಹರ್ಟ್ಸ್‌ನಲ್ಲಿ, ಕೆಲವೇ ಸೆಂಟಿಮೀಟರ್ ದೂರದಲ್ಲಿ ಕೆಲಸ ಮಾಡುತ್ತದೆ. ದಪ್ಪ ಕವರ್, ಅದರ ಹಿಂದಿನ ಲೋಹದ ರಿಂಗ್, ಕವರ್ ಒಳಗಿಟ್ಟ ಮೆಟ್ರೋ ಕಾರ್ಡ್, ಹೆಚ್ಚಿನ ತೊಂದರೆ ಇವುಗಳಿಂದಲೇ. ಕವರ್ ತೆಗೆದು ನೋಡಿ. ಬ್ಲೂಟೂತ್ ಕೀ ಆದರೆ ಫೋನ್‌ನ ಬ್ಯಾಟರಿ ಉಳಿತಾಯದ ಸೆಟ್ಟಿಂಗ್ ಆ ಆ್ಯಪ್ ಅನ್ನು ಮಲಗಿಸಿರಬಹುದು. ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ರೇಡಿಯೋ ತಂತ್ರಜ್ಞಾನ ಇರುವ ಹೊಸ ಕಾರುಗಳು ಸಿಗ್ನಲ್ ಹೋಗಿ ಬರುವ ಸಮಯವನ್ನೇ ಅಳೆದು ದೂರ ತಿಳಿಯುತ್ತವೆ. ಬೆಳಕಿನ ಹಾಗೆ ಈ ಸಿಗ್ನಲ್ಲೂ ಒಂದು ನ್ಯಾನೋಸೆಕೆಂಡಿಗೆ (ಸೆಕೆಂಡಿನ ನೂರು ಕೋಟಿಯ ಒಂದು ಭಾಗ) ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಮೇಲೆ ಹೇಳಿದಂತೆ ಸಿಗ್ನಲ್ ಸಾಗಿಸಿ ಮೋಸ ಮಾಡಲು ಹೋದರೆ ಸಮಯ ಜಾಸ್ತಿಯಾಗಿ ಸಿಕ್ಕಿಬೀಳುತ್ತದೆ. ಇವೆಲ್ಲ ಇದ್ದರೂ ಎನ್‌ಎಫ್‌ಸಿ ಕಾರ್ಡ್ ಅಥವಾ ಮಾಮೂಲಿ ಕೀ ಒಂದನ್ನು ಜೊತೆಗಿಡಿ.

ಸರ್ವೀಸ್ ಸೆಂಟರ್‌ಗೆ ಹೋಗುವ ಮುಂಚೆ

ಎರಡು ಕೀಗಳನ್ನೂ ಒಯ್ಯಿರಿ. ಹೊಸ ಕೀಯನ್ನು ಕಾರಿಗೆ ಕಲಿಸುವಾಗ, ಅಂದರೆ ಹೊಂದಿಸುವಾಗ, ಹಲವು ಕಾರುಗಳಲ್ಲಿ ಹಳೆಯ ಕೀಗಳೆಲ್ಲ ಅಳಿಸಿಹೋಗುತ್ತವೆ, ಜೊತೆಗಿದ್ದರೆ ಆಗಲೇ ಮತ್ತೆ ಸೇರಿಸಬಹುದು. ಯಾವ ಬಾಗಿಲು, ಯಾವ ಹೊತ್ತು, ಯಾವ ಜಾಗ, ಮಳೆ ಇತ್ತೇ, ಏನೇನು ಸಿಕ್ಕಿಸಿತ್ತು, ಇಷ್ಟನ್ನು ಚೀಟಿಯಲ್ಲಿ ಬರೆದು ಕೊಡಿ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದಾಗ ಬಂದ ದೋಷದ ಕೋಡ್‌ಗಳನ್ನು ಬರೆಸಿಕೊಳ್ಳಿ. ಬ್ಯಾಟರಿ ಇಳಿದಾಗ ಬಂದ ಹಳೆಯ ಕೋಡ್‌ಗಳೂ ಅದರಲ್ಲಿರುತ್ತವೆ. ಎಲ್ಲ ಅಳಿಸಿ, ದೋಷ ಮತ್ತೆ ಕಾಣಿಸಿದಾಗ ಯಾವುದು ಮರಳಿ ಬರುತ್ತದೋ ಅದನ್ನು ನಂಬಬೇಕು.

ಆನ್‌ಲೈನಿನಲ್ಲಿ ಸಿಗುವ ಹಳೆಯ ಕೀಗಳ ಬಗ್ಗೆ ಹುಷಾರಾಗಿರಿ. ಆಕಾರ ಒಂದೇ ಇದ್ದರೂ ಒಳಗೆ 315 ಮೆಗಾಹರ್ಟ್ಸ್ ಇದ್ದರೆ ಇಲ್ಲಿನ ಕಾರು ಕೇಳುವುದೇ ಇಲ್ಲ. ಎಷ್ಟೋ ಸ್ಮಾರ್ಟ್ ಕೀಗಳು ಒಮ್ಮೆ ಒಂದು ಕಾರಿಗೆ ಹೊಂದಿಕೊಂಡರೆ ಇನ್ನೊಂದಕ್ಕೆ ಸುಲಭವಾಗಿ ಹೊಂದುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರೆ ಇನ್ನೂ ಒಂದು ಕೆಲಸ ಮಾಡಿಸಿ. ಕಾರಿಗೆ ಒಟ್ಟು ಎಷ್ಟು ಕೀಗಳನ್ನು ಕಲಿಸಲಾಗಿದೆ ಎಂಬುದನ್ನು ಸ್ಕ್ಯಾನರ್ ತೋರಿಸುತ್ತದೆ. ನಿಮ್ಮ ಕೈಯಲ್ಲಿರುವುದಕ್ಕಿಂತ ಒಂದು ಜಾಸ್ತಿ ಇದ್ದರೆ ಅದನ್ನು ಅಂದೇ ಅಳಿಸಿಸಿ.